ಬಲಗಡೆಯ ಜೇಬು

ದೇಶ ದಿವಾಳಿಯಾದಾಗ ನಮ್ಮ ಬೀದಿಯಲ್ಲಿ ಉದ್ಧಾರವಾದವನು ಬೀಗದವನೊಬ್ಬನೇ. ತಿಜೋರಿ ಇದ್ದವರು ಬಂದು ಬೀಗ ಕೊಂಡಿದ್ದರೆ ಅದಕ್ಕೊಂದು ಅರ್ಥವಿತ್ತು. ಅವನ ಅಂಗಡಿಗೆ ಬಂದವರೆಲ್ಲ ಮಂಚ, ಮೇಜು, ಗಡಿಯಾರ ಮಾರಿ ತಿಂದವರು. ಖಾಲಿ ಮನೆಗೆ ಅಂಗೈಯಗಲದ ಬೀಗ ಜಡಿದು, ಬೀದಿಯುದ್ದಕ್ಕೂ ಬೀಗದ ಕೈ ಆಡಿಸುತ್ತ ನಡೆಯುತ್ತಿದ್ದರು. ಒಳಗೆ ಏನೋ ಇದೆ ಎಂದು ನೆರೆಯವರು ಅಂದುಕೊಂಡರೆ ಸಾಕು, ಊಟವಾದಷ್ಟು ಸಮಾಧಾನ. ಬ್ಯಾಂಕು ಬಾಗಿಲು ಹಾಕಿದ ದಿನವಂತೂ ಅಲ್ಲಿ ಎಂದೂ ಬಿಡಿಗಾಸು ಇಡದಿದ್ದವರೂ ಹೋಗಿ ಸಾಲಿನಲ್ಲಿ ನಿಂತು ಎದೆ ಬಡಿದುಕೊಂಡರು. ಕಳೆದುಕೊಳ್ಳುವಷ್ಟು ಇತ್ತು ಎಂದು ನಾಲ್ಕು ಜನಕ್ಕೆ ಗೊತ್ತಾಗಬೇಕಲ್ಲ. ನಮ್ಮ ಎದುರು ಮನೆಯ ಹೆಂಗಸು ಅಲ್ಲೇ ಮೂರ್ಛೆ ಬಿದ್ದಳು. ಬ್ಯಾಂಕಿನ ಬಾಗಿಲು ಯಾವ ಕಡೆಗಿದೆ ಎಂಬುದೂ ಅವಳಿಗೆ ಆವತ್ತೇ ತಿಳಿದದ್ದು.

“ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು,” ಎಂದರು ನನ್ನ ಅತ್ತೆ, ಅವಳ ಮುಖಕ್ಕೆ ನೀರು ಚಿಮುಕಿಸಿ ಬಂದ ಮೇಲೆ.

ನಮ್ಮದು ದರ್ಜಿ ಅಂಗಡಿ. ನನ್ನ ಗಂಡ ಸತ್ತ ಮೇಲೆ ಅದನ್ನು ನಾನೂ ಅತ್ತೆಯೂ ನಡೆಸುತ್ತೇವೆ. ಕತ್ತರಿ, ಮಿಷನ್ನು, ಇಸ್ತ್ರಿ ನನ್ನದು. ಗುಂಡಿ, ಕಾಜ ಅತ್ತೆಯದು. ಅವರಿಗೆ ಬ್ಯಾಂಕಿನ ಮೇಲೂ ಸರಕಾರದ ಮೇಲೂ ನಂಬಿಕೆಯಿಲ್ಲ, ಗುಂಡಿಯ ಮೇಲೆ ಇದೆ. ಒಂದು ದೊಡ್ಡ ಬಿಸ್ಕತ್ತಿನ ಡಬ್ಬಿಯ ತುಂಬ ಗುಂಡಿ ಕೂಡಿಟ್ಟಿದ್ದಾರೆ. ಅವರಿಗಿದ್ದ ಇನ್ನೊಂದು ಆಸ್ತಿ ಪೆಟ್ಟಿಗೆಯ ತಳದಲ್ಲಿ ಹಳೆಯ ಹಾಸಿಗೆ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಕೋಟಿನ ಬಟ್ಟೆ. ಮಗನಿಗೆಂದು ಕೊಂಡದ್ದು. ಮಗ ತೀರಿಕೊಂಡ, ಬಟ್ಟೆ ಹಾಗೇ ಉಳಿಯಿತು. ಬೂದು ಬಣ್ಣದ ಒಳ್ಳೆಯ ಉಣ್ಣೆ. ಬೆರಳಲ್ಲಿ ಹಿಂಡಿ ಬಿಟ್ಟರೆ ಸುಕ್ಕು ತಾನೇ ಮಾಯವಾಗುವಂಥದ್ದು. ಅದನ್ನು ಮಾರೋಣ ಎಂದು ಎರಡು ಸಲ ನಾನು ಬಾಯಿ ತೆರೆದಿದ್ದೆ. ಎರಡು ಸಲವೂ ಅತ್ತೆ ಗುಂಡಿಯ ಡಬ್ಬಿಯನ್ನು ನೆಲಕ್ಕೆ ಕುಕ್ಕಿದ್ದರು.

ಹೊಸ ಬಟ್ಟೆ ಹೊಲಿಸುವವರು ಆ ವರ್ಷ ನಿಂತೇಹೋದರು. ಬಂದವರೆಲ್ಲ ಕೋಟು ತಿರುಗಿಸಿ ಕೊಡಿ ಎಂದು ಬಂದರು. ಹಳೆಯ ಕೋಟು ಹೊರಗೆ ಎಷ್ಟೇ ಮಾಸಲಿ, ಸವೆಯಲಿ, ಬಟ್ಟೆಯ ಒಳಮೈ ಹೊಸದರ ಹಾಗೇ ಇರುತ್ತದೆ. ಹೊಲಿಗೆಯನ್ನೆಲ್ಲ ಬಿಚ್ಚಿ, ತುಂಡುಗಳನ್ನು ಬ್ರಷ್ಷಿನಲ್ಲಿ ಉಜ್ಜಿ, ಒಳಮೈ ಹೊರಗೆ ಬರುವಂತೆ ಮಗುಚಿ ಮತ್ತೆ ಹೊಲಿದರೆ ಕೋಟಿಗೆ ಇನ್ನೊಂದು ಜನ್ಮ. ಆದರೆ ಮಗುಚಿದಾಗ ಎಡದ ತುಂಡು ಬಲಕ್ಕೆ ಬರುತ್ತದೆ. ಹಳೆಯ ಕಾಜಗಳನ್ನು ಮುಚ್ಚಿ ಅವುಗಳ ಮೇಲೇ ಗುಂಡಿ ಹಚ್ಚಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಎದೆಯ ಮೇಲಿನ ಜೇಬಿಗೆ ಮಾತ್ರ ಉಪಾಯವಿಲ್ಲ. ಲೋಕದ ಗಂಡಸರಿಗೆಲ್ಲ ಎಡಕ್ಕಿರುವ ಜೇಬು ಇವರಿಗೆ ಬಲಕ್ಕೆ ಬಂದು ಕೂರುತ್ತದೆ. ಅದನ್ನು ರಫು ಮಾಡಿ ಮುಚ್ಚಬಹುದು, ಸವೆದ ಬಟ್ಟೆಯಲ್ಲಿ ಅದು ಹೊಲಿದ ಗಾಯದ ಹಾಗೆ ಕಾಣುತ್ತದೆ. ಅದಕ್ಕಿಂತ ತಪ್ಪು ಕಡೆಯ ಜೇಬೇ ಮೇಲು ಎಂದು ನಾವು ಹಾಗೇ ಬಿಡುವುದು ವಾಡಿಕೆ.

ಹೀಗೆ ತಿರುಗಿಸಿದ ಕೋಟು ತೊಟ್ಟವನನ್ನು ನೂರು ಮಾರು ದೂರದಿಂದ ಗುರುತಿಸಬಹುದಿತ್ತು. ಕನ್ನಡಕಕ್ಕೋ ಪೆನ್ನಿಗೋ ಬಲಗೈಯನ್ನು ಎಡ ಎದೆಗೆ ಒಯ್ಯುತ್ತಾನೆ, ಅಲ್ಲಿ ಬರೀ ಬಟ್ಟೆ. ಬೆರಳು ತಡಕಾಡುತ್ತವೆ. ಆಮೇಲೆ ನೆನಪಾಗಿ ಎಡಗೈ ಬಲಕ್ಕೆ ಹೋಗುತ್ತದೆ, ಕಿವಿ ಕೆಂಪಾಗುತ್ತದೆ. ಆ ತಡಕಾಟವನ್ನು ಕಂಡರೆ ಬೀದಿಯ ಜನ ಮುಖ ಆಚೆ ತಿರುಗಿಸುತ್ತಿದ್ದರು. ಮರುದಿನ ತಾವೇ ಕೋಟು ಕಂಕುಳಲ್ಲಿಟ್ಟುಕೊಂಡು ನಮ್ಮಲ್ಲಿಗೆ ಬರುತ್ತಿದ್ದರು.

ಇನ್ನು ನಂಬಿಕೆ ಸಾಹೇಬರ ವಿಷಯ. ದೇಶದಲ್ಲಿ ಸಂಪತ್ತು ಇದ್ದಾಗ ಅದಕ್ಕೊಂದು ಮಂಡಳಿ ಇರಲಿಲ್ಲ. ಎಲ್ಲ ಹೋದ ಮೇಲೆ ಸರಕಾರ ಒಂದು ಸಂಪತ್ತು ಮಂಡಳಿ ಮಾಡಿ ಇವರನ್ನು ಅದರ ತಲೆಯ ಮೇಲೆ ಕೂರಿಸಿತು. ವಾರಕ್ಕೊಮ್ಮೆ ರೇಡಿಯೋದಲ್ಲಿ ಬಂದು ಇವರು ಒಂದೇ ರಾಗ ಹಾಡುತ್ತಿದ್ದರು: “ಹಣ ಎಲ್ಲೂ ಹೋಗಿಲ್ಲ ಬಂಧುಗಳೇ, ಹೋಗಿರೋದು ನಂಬಿಕೆ.” ಹಾಗಾಗಿ ಬೀದಿಯವರೆಲ್ಲ ಅವರಿಗೆ ಆ ಹೆಸರಿಟ್ಟರು.

“ಹಣ ಎಲ್ಲೂ ಹೋಗಿಲ್ಲ ನಿಜ,” ಎನ್ನುತ್ತಿದ್ದ ಬೀಗದವನು, “ನಮ್ಮನೆ ದಾರಿ ಮರೆತಿದೆ ಅಷ್ಟೆ.”

ಮಂಡಳಿ ಮಾಡಿದ ಮೊದಲ ಘನಕಾರ್ಯವೆಂದರೆ ಒಂದು ಕಾನೂನು. ಕೆಲಸವಿಲ್ಲದ ಒಂಟಿ ಗಂಡಸರನ್ನು ಹಿಡಿದು ಕಲ್ಲು ಒಡೆಯುವ ಶಿಬಿರಕ್ಕೆ ಕಳಿಸುವುದು. ಅದನ್ನು ಅವರು ಸಂಪತ್ತು ನಿರ್ಮಾಣ ಶಿಬಿರ ಎಂದು ಕರೆದರು. ಅಲ್ಲಿಗೆ ಹೋಗಿ ಬಂದವರು ಕೆಮ್ಮುತ್ತ ಬರುತ್ತಿದ್ದರು, ಕೆಲವರು ಬರುತ್ತಲೇ ಇರಲಿಲ್ಲ. ನನಗೆ ಒಬ್ಬನೇ ತಮ್ಮ. ಉಣ್ಣೆ ಗಿರಣಿಯಲ್ಲಿ ತೂಕ ಮಾಡಿ ಲೆಕ್ಕ ಇಡುತ್ತಿದ್ದವನು, ಗಿರಣಿ ಮುಚ್ಚಿದ ಮೇಲೆ ನಮ್ಮ ಮನೆಗೆ ಬಂದಿದ್ದ. ವರ್ಷಗಟ್ಟಲೆ ಉಣ್ಣೆಯ ಧೂಳು ಕುಡಿದ ಎದೆ ಅವನದು. ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಾನೆ. ಅವನನ್ನು ಕಲ್ಲಿನ ಧೂಳಿಗೆ ಹಾಕಿದರೆ ಮರಳಿ ಬರುವುದು ಹೆಣ ಎಂದು ಡಾಕ್ಟರು ಮುಖಕ್ಕೇ ಹೇಳಿದ್ದರು. ಜನ ಹಿಡಿಯುವ ಲಾರಿ ನಮ್ಮ ಬೀದಿಗೆ ಬರುವುದು ಚಳಿಗಾಲದ ಕೊನೆಗೆ ಎಂದಿದ್ದರು, ಅದರೊಳಗೆ ಅವನಿಗೊಂದು ಕೆಲಸ ಸಿಗಬೇಕಿತ್ತು.

ಸರಕಾರಿ ಗೋದಾಮಿನಲ್ಲಿ ಉಗ್ರಾಣ ನೋಡಿಕೊಳ್ಳುವ ಜಾಗ ಖಾಲಿಯಿದೆ ಎಂದು ತಿಳಿಯಿತು. ಅವನಿಗೆ ಹೇಳಿ ಮಾಡಿಸಿದ ಕೆಲಸ. ಸಂದರ್ಶನಕ್ಕೆ ಅವನ ಒಂದೇ ಒಂದು ಕೋಟನ್ನು ನಾನು ತಿರುಗಿಸಿಕೊಟ್ಟೆ. ನನ್ನ ಕೈಯ ಕೆಲಸವನ್ನು ನಾನೇ ಹೊಗಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ಕಾಲರು ಅಂಗಡಿಯಿಂದ ಈಗ ತಂದಂತೆ ಕೂತಿತ್ತು. ಜೇಬು ಬಲಕ್ಕೆ ಬಂತು. ಬಂದರೆ ಬರಲಿ, ಅವರು ನೋಡುವುದು ಮನುಷ್ಯನನ್ನಲ್ಲವೇ ಎಂದುಕೊಂಡೆ. ಎಂಥ ದಡ್ಡಿ ನಾನು!

ಅವನು ಬೇಗ ಮರಳಿ ಬಂದ. ಕೋಟನ್ನು ಬಿಚ್ಚಿ ಮೊಳೆಗೆ ನೇತುಹಾಕಿ, ಇಸ್ತ್ರಿ ಮೇಜಿನ ಪಕ್ಕ ಕೂತ.

“ಏನಾಯ್ತೋ?”

“ನಂಬಿಕೆ ಸಾಹೇಬ್ರೇ ಇದ್ರು ಅಕ್ಕಾ. ಲೆಕ್ಕ ಕೇಳಿದ್ರು, ಹೇಳ್ದೆ. ತೂಕದ್ದು ಕೇಳಿದ್ರು, ಹೇಳ್ದೆ. ತಲೆ ಆಡಿಸಿದ್ರು. ಆಮೇಲೆ ಇಲ್ಲಿ ಸಹಿ ಹಾಕಿ ಅಂದ್ರು. ಪೆನ್ನಿಗೆ ಕೈ ಹಾಕ್ದೆ.” ಅವನು ತನ್ನ ಎಡ ಎದೆಯನ್ನು ತೋರಿಸಿದ. “ಈ ಕಡೆ.”

ಅತ್ತೆಯ ಸೂಜಿ ನಿಂತಿತು.

“ಸಾಹೇಬ್ರು ನಕ್ರು. ಕೋಟು ತಿರುಗಿಸಿದ್ದಾ ಅಂತ ಕೇಳಿದ್ರು. ಹೌದು ಸಾರ್ ಅಂದೆ. ‘ಸ್ವಂತ ಸಂಪತ್ತನ್ನೇ ಕಾಪಾಡಿಕೊಳ್ಳೋಕೆ ಆಗದವನ ಕೈಗೆ ದೇಶದ ಸಂಪತ್ತನ್ನ ಹೇಗಪ್ಪಾ ಕೊಡೋದು’ ಅಂದ್ರು. ಪಕ್ಕದಲ್ಲಿದ್ದ ಇಬ್ಬರೂ ನಕ್ರು. ಸಹಿ ಹಾಕೋ ಕಾಗದ ವಾಪಸ್ ತಗೊಂಡ್ರು.”

ನನಗೆ ಮೈಯೆಲ್ಲ ಉರಿಯಿತು. ದೇಶದ ಸಂಪತ್ತನ್ನು ನುಂಗಿ ನೀರು ಕುಡಿದವರು ಯಾರು, ಬಲಗಡೆ ಜೇಬಿನವರೋ? ಗಿರಣಿ ಮುಚ್ಚಿದವರು, ಬ್ಯಾಂಕು ಮುಳುಗಿಸಿದವರು, ಒಬ್ಬೊಬ್ಬರ ಜೇಬೂ ಎಡಕ್ಕೇ ಇತ್ತು, ನೆಟ್ಟಗೆ ಇತ್ತು, ಅದರಲ್ಲಿ ರೇಷ್ಮೆಯ ಕರವಸ್ತ್ರವೂ ಇತ್ತು. ನಾನು ಇದನ್ನೆಲ್ಲ ಕೂಗಿ ಹೇಳುತ್ತಿರುವಾಗಲೇ ಅತ್ತೆ ಎದ್ದು ಒಳಗೆ ಹೋದರು. ಪೆಟ್ಟಿಗೆಯ ಮುಚ್ಚಳ ಕಿರುಗುಟ್ಟಿತು. ಬೂದು ಉಣ್ಣೆಯ ಆ ಬಟ್ಟೆಯನ್ನು ತಂದು ನನ್ನ ಮೇಜಿನ ಮೇಲಿಟ್ಟರು.

“ಅಳತೆ ತಗೊಳ್ಳೇ,” ಎಂದರು. “ಇನ್ನೊಂದು ಗೋದಾಮಿಗೂ ಕರೀತಾರಂತೆ. ಸರಿಯಾದ ಕೋಟು ಹಾಕ್ಕೊಂಡು ಹೋಗ್ಲಿ. ಜೇಬು ಎಲ್ಲಿರ್ಬೇಕೋ ಅಲ್ಲಿರ್ಲಿ.”

“ಬೇಡ ಅಮ್ಮಾ,” ಎಂದ ನನ್ನ ತಮ್ಮ.

“ನಿನ್ನನ್ನ ಯಾರೋ ಕೇಳಿದ್ದು? ನೆಟ್ಟಗೆ ನಿಂತ್ಕೋ.”

ನಾನು ಆ ಬಟ್ಟೆಗೆ ಕತ್ತರಿ ಹಾಕುವಾಗ ಅತ್ತೆ ಬೀದಿ ಕಡೆಗೆ ಮುಖ ಮಾಡಿ ಕೂತಿದ್ದರು. ಎಡ ಎದೆಯ ಜೇಬಿನ ಸೀಳನ್ನು ಕತ್ತರಿಸಿದಾಗ ಮಾತ್ರ ಒಮ್ಮೆ ತಿರುಗಿ ನೋಡಿದರು.

ಕೋಟು ಮುಗಿದು ಹ್ಯಾಂಗರಿನಲ್ಲಿ ತೂಗುತ್ತಿದ್ದ ವಾರವೇ, ಮಧ್ಯಾಹ್ನ ಬೀದಿಯ ಜನವೆಲ್ಲ ಪುಕ್ಕಟೆ ಬ್ರೆಡ್ಡಿನ ಸಾಲಿನಲ್ಲಿದ್ದಾಗ, ನಮ್ಮ ಹಿತ್ತಿಲ ಬಾಗಿಲು ಬಡಿಯಿತು. ತೆರೆದರೆ ನಂಬಿಕೆ ಸಾಹೇಬರು. ಪೇಪರಿನಲ್ಲಿ ಕಾಣುತ್ತಿದ್ದ ಅದೇ ಮುಖ, ಅದೇ ಗಲ್ಲ. ಕಂಕುಳಲ್ಲಿ ಹಳೆಯ ಪೇಪರಿನಲ್ಲಿ ಸುತ್ತಿದ ಗಂಟು. ಅದನ್ನು ಬಿಚ್ಚಿದರೆ ಒಳ್ಳೆಯ ಕಪ್ಪು ಕೋಟು, ಮೊಣಕೈಯಲ್ಲಿ ಸವೆದು ಹೊಳೆಯುತ್ತಿತ್ತು.

“ನೋಡಮ್ಮ, ಇದು ನಮ್ಮ ಡ್ರೈವರ್‌ದು,” ಎಂದರು. “ಪಾಪ, ತಿರುಗಿಸಿಕೊಡಿ. ನೀವು ಚೆನ್ನಾಗಿ ಮಾಡ್ತೀರಂತೆ.”

“ಅಳತೆಗೆ ಅವರೇ ಬರ್ಬೇಕಾಗ್ತದೆ ಸಾರ್.”

“ಏನೂ ಬೇಡ. ಅವನದೂ ನನ್ನದೂ ಒಂದೇ ಅಳತೆ.”

ಟೇಪು ಹಿಡಿದು ಸುತ್ತಿದೆ. ಟೇಪಿನ ಎರಡು ತುದಿ ಸೇರಿಸಲು ಅತ್ತೆ ಆ ಕಡೆಯಿಂದ ಕೈ ಕೊಡಬೇಕಾಯಿತು.

“ಡ್ರೈವರು ಉಂಡು ತಿಂದು ಚೆನ್ನಾಗಿದಾನೆ,” ಎಂದರು ಅತ್ತೆ.

ಸಾಹೇಬರು ಕೆಮ್ಮಿದರು. ಅವರ ಸ್ವಂತ ದುಡ್ಡೂ ಮುಳುಗಿದ ಬ್ಯಾಂಕಿನಲ್ಲೇ ಇತ್ತು ಎಂದು ಬೀಗದವನು ಆಮೇಲೆ ಹೇಳಿದ. ನಂಬಿಕೆಯಿಂದ ಇಟ್ಟಿದ್ದರಂತೆ. ಅವರು ಹೊರಡುವ ಮುಂಚೆ ದನಿ ತಗ್ಗಿಸಿ, “ಒಂದು ಮಾತು. ಮೇಲಿನ ಜೇಬು ಎಡಗಡೆಗೇ ಬರ್ಬೇಕು. ಹಳೇದರ ಗುರುತು ಕಾಣಬಾರ್ದು. ಡ್ರೈವರಿಗೆ ಅವಮಾನ ಆಗ್ಬಾರ್ದಲ್ಲ,” ಎಂದರು.

“ಆಗ್ಲಿ ಸಾರ್,” ಎಂದೆ.

ಅವರ ಬಟ್ಟೆ ದಪ್ಪ, ದಟ್ಟ. ಅಂಥದ್ದರಲ್ಲಿ ಹಳೆಯ ಸೀಳನ್ನು ಎಳೆ ಎಳೆಯಾಗಿ ನೇಯ್ದು ಮುಚ್ಚಿದರೆ ದೇವರಿಗೂ ಗೊತ್ತಾಗುವುದಿಲ್ಲ. ನನಗೆ ಆ ಕೆಲಸ ಬರುತ್ತದೆ. ನಾನು ಮಾಡಲಿಲ್ಲ. ಎಲ್ಲ ಹೊಲಿಗೆಯನ್ನೂ ಶ್ರದ್ಧೆಯಿಂದ ಹಾಕಿ, ಜೇಬನ್ನು ಮಾತ್ರ ಅದು ಬಂದ ಕಡೆಗೇ ಬಿಟ್ಟೆ. ಅವರು ಕೋಟು ಒಯ್ಯಲು ಬಂದದ್ದು ಪುರಭವನದಲ್ಲಿ ಅವರ ಭಾಷಣವಿದ್ದ ಸಂಜೆ, ಹೊರಗೆ ಕಾರು ಕಾಯುತ್ತಿತ್ತು. ತೊಡಿಸಿ ಕನ್ನಡಿಯ ಮುಂದೆ ನಿಲ್ಲಿಸಿದೆ. ಕನ್ನಡಿಯೊಳಗೆ ಎದುರು ನಿಂತ ಮನುಷ್ಯನ ಜೇಬು ಅವನ ಎಡ ಎದೆಯ ಮೇಲೇ ಠೀವಿಯಿಂದ ಕೂತಿತ್ತು. ಅವರು ಗಲ್ಲ ಎತ್ತಿ, ಅವನನ್ನು ಮೆಚ್ಚಿ, ತಲೆದೂಗಿದರು. ತಮ್ಮ ಮೈ ನೋಡಿಕೊಳ್ಳದೆ ಕನ್ನಡಿಯನ್ನಷ್ಟೇ ನೋಡುವವರಿಗೆ ಹೀಗೇ ಆಗುವುದು. ಭಾಷಣದ ಕಾಗದವನ್ನು ಮಡಚಿ ಜೇಬಿಗೆ ನಾನೇ ಇಟ್ಟೆ.

ಪುರಭವನ ತುಂಬಿತ್ತು. ಬಂದವರಿಗೆ ಚಹಾ ಮತ್ತು ಬ್ರೆಡ್ಡು ಎಂದು ಸಾರಿದ್ದರು, ತುಂಬದೆ ಏನು? ನಾನೂ ಅತ್ತೆಯೂ ಹಿಂದಿನ ಸಾಲಿನಲ್ಲಿ ಕೂತೆವು. ಬೀಗದವನು ನಮ್ಮ ಮುಂದೆ ಇದ್ದ. ಎಲ್ಲಿ ನೋಡಿದರೂ ನಾನು ತಿರುಗಿಸಿದ ಕೋಟುಗಳು, ಬಲಕ್ಕೆ ಜೇಬು ಹೊತ್ತ ಗಂಡಸರು. ಸಾಹೇಬರು ವೇದಿಕೆಗೆ ಬಂದರು.

“ಬಂಧುಗಳೇ, ನಮ್ಮ ದೇಶ ಬಡವಾಗಿಲ್ಲ! ನೆಲದಡಿ ಅದಿರು ಇದೆ, ನದೀಲಿ ನೀರಿದೆ, ಕಾಡಲ್ಲಿ ಮರ ಇದೆ. ಇಷ್ಟೆಲ್ಲ ಇರೋ ದೇಶದ ಪ್ರಜೆ ನಾನು ಬಡವ ಅಂತ ಹೇಳ್ಕೊಳ್ಳೋದು ದೇಶಕ್ಕೆ ಮಾಡೋ ಅವಮಾನ. ಹಾಗೆ ಅನ್ನೋರಿಗೆ ನನ್ನ ಹತ್ರ ಉತ್ತರ ಇದೆ. ಅಂಕಿ ಅಂಶ ಇದೆ. ಇಲ್ಲೇ ಇದೆ!”

ಅವರ ಬಲಗೈ ಎಡ ಎದೆಗೆ ಹೋಯಿತು. ಬೆರಳು ಬಟ್ಟೆಯನ್ನು ಸವರಿದವು. ಮೇಲೆ ಹೋದವು, ಕೆಳಗೆ ಬಂದವು. ಅಂಗೈಯಿಂದ ತಟ್ಟಿ ನೋಡಿದರು.

ಆ ತಡಕಾಟ ಸಭೆಯಲ್ಲಿ ಯಾರಿಗೆ ಗೊತ್ತಿಲ್ಲ? ಒಂದು ಮೂಲೆಯಿಂದ ಒಬ್ಬ ಕಿಸಕ್ಕೆಂದ. ಇನ್ನೊಬ್ಬ ಬಾಯಿಗೆ ಟೋಪಿ ಒತ್ತಿಕೊಂಡ. ಬೀಗದವನು ಎದ್ದು ನಿಂತು, ತನ್ನ ಬಲ ಎದೆಯನ್ನು ತಟ್ಟಿಕೊಳ್ಳುತ್ತ, “ಈ ಕಡೆ ಸಾರ್, ಈ ಕಡೆ!” ಎಂದು ಕೂಗಿದ. ಸಭೆಗೆ ಸಭೆಯೇ ಬಲ ಎದೆ ತಟ್ಟಿಕೊಂಡು ನಗತೊಡಗಿತು. ಅತ್ತೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ನಕ್ಕರು. ಅವರು ಹಾಗೆ ನಕ್ಕದ್ದನ್ನು ಮಗ ಹೋದ ಮೇಲೆ ನಾನು ನೋಡಿರಲಿಲ್ಲ. ನನ್ನ ಎದೆ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ.

ಸಾಹೇಬರ ಮುಖ ಬಿಳುಚಿತು, ಕೆಂಪಾಯಿತು. ಆಮೇಲೆ ಎಡಗೈಯಿಂದ ಬಲಜೇಬಿನ ಕಾಗದವನ್ನು ಸರಕ್ಕನೆ ಎಳೆದು ಮೇಲೆತ್ತಿ ಹಿಡಿದರು.

“ಹೌದು!” ಎಂದು ಗುಡುಗಿದರು. “ತಿರುಗಿಸಿದ ಕೋಟು! ನಗಿ! ನನ್ನ ಬೀರು ತುಂಬ ಕೋಟುಗಳಿವೆ. ಆದ್ರೂ ನನ್ನ ಜನ ಕೋಟು ತಿರುಗಿಸಿಕೊಳ್ಳೋವಾಗ ನಾನು ಹೊಸದು ಹೇಗೆ ಹಾಕ್ಲಿ? ಮಿತವ್ಯಯವೇ ದೇಶದ ಸಂಪತ್ತು. ಈ ಬಲಗಡೆ ಜೇಬು ನನ್ನ ಪದಕ!”

ನಗು ನಿಂತಿತು. ಮೊದಲು ಚಪ್ಪಾಳೆ ತಟ್ಟಿದವನು ಬೀಗದವನೇ, ದರಿದ್ರದವನು. ಆಮೇಲೆ ಪುರಭವನದ ಹೆಂಚು ಹಾರಿಹೋಗುವಂಥ ಚಪ್ಪಾಳೆ. ಇಷ್ಟು ದಿನ ಜೇಬನ್ನು ಕೈಯಲ್ಲಿ ಮುಚ್ಚಿಕೊಂಡು ಓಡಾಡಿದವರು ಈಗ ಎದೆ ಸೆಟೆಸಿ ಕೂತರು. ಪಕ್ಕದ ಸಾಲಿನ ಮುದುಕನೊಬ್ಬ ಗಳಗಳನೆ ಅತ್ತ. ಇನ್ನೊಂದು ಚೂರು ಬ್ರೆಡ್ಡು ಕೊಟ್ಟಿದ್ದರೂ ಅವನು ಅಷ್ಟು ಖುಷಿಪಡುತ್ತಿರಲಿಲ್ಲ.

“ಬಡವನ ಕೋಪ ದವಡೆಗೆ ಮೂಲ,” ಎಂದರು ಅತ್ತೆ, ದಾರಿಯಲ್ಲಿ.

ಬೆಳಗಾದರೆ ಪೇಪರಿನ ಮುಖಪುಟದಲ್ಲಿ ಅವರದೇ ಚಿತ್ರ, ಬಲ ಎದೆಗೆ ಬಾಣದ ಗುರುತು ಹಾಕಿ. ವಾರ ತಿರುಗುವುದರೊಳಗೆ ಆ ಕೋಟನ್ನು ಮಂಡಳಿಯ ಕಚೇರಿಯ ಬಾಗಿಲಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಕಾವಲಿಗೆ ಒಬ್ಬ ಜವಾನನನ್ನೂ ನಿಲ್ಲಿಸಿದರು. ಸಾಹೇಬರಿಗೆ ಬಡ್ತಿಯಾಯಿತು. ದೇಶಕ್ಕೆ ಬೇಕಾದದ್ದು ಇಂಥ ತ್ಯಾಗಿಗಳು ಎಂದು ರೇಡಿಯೋ ಹೊಗಳಿತು. ನಾನು ಮಸಿ ಬಳಿಯಲು ಹೋಗಿ ಗಂಧ ಹಚ್ಚಿ ಬಂದಿದ್ದೆ.

ಎರಡನೆಯ ಗೋದಾಮಿನ ಸಂದರ್ಶನಕ್ಕೆ ಕರೆ ಬಂದದ್ದು ಆಗಲೇ. ನನ್ನ ತಮ್ಮ ಬೂದು ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತ. ನನ್ನ ಗಂಡನ ಹೆಗಲೂ ಅವನ ಹೆಗಲೂ ಒಂದೇ ಅಗಲ ಎಂದು ಆವತ್ತು ತಿಳಿಯಿತು. ಅತ್ತೆ ಬೆನ್ನಿನ ಮೇಲೆ ಕೈಯಾಡಿಸಿ, ಇಲ್ಲದ ನೂಲೊಂದನ್ನು ತೆಗೆದರು.

“ಅಕ್ಕಾ,” ಎಂದ ಅವನು, “ಜೇಬು ಬಲಕ್ಕೆ ಹಾಕ್ಬಿಡೋಣ್ವಾ? ಈಗ ಎಲ್ಲಾ ಅದನ್ನೇ…”

“ಬಾಯ್ಮುಚ್ಚೋ,” ಎಂದೆ. “ಹೊಸ ಬಟ್ಟೆ ಕಣೋ ಇದು. ಹುಚ್ಚರ ಸಂತೆ ಅಂತ ನಾನೂ ಹುಚ್ಚಿ ಆಗ್ಲಾ? ನೆಟ್ಟಗಿರೋ ಕೋಟಿಗೆ ಸೊಟ್ಟ ಸೀಳು ಹಾಕೋ ಕೈ ಅಲ್ಲ ನಂದು.”

“ಹಾಕಿದ್ರೆ ಆ ಕೈ ಮುರೀತೀನಿ,” ಎಂದರು ಅತ್ತೆ.

ನಮಗಿದ್ದದ್ದು ಅಷ್ಟೇ ಸಂಪತ್ತು, ಅದನ್ನು ಅಂದಗೆಡಿಸಲು ಮನಸ್ಸು ಬರಲಿಲ್ಲ. ಅವನು ಹೋದ. ಸಂದರ್ಶನ ಮಂಡಳಿಯ ಕಚೇರಿಯಲ್ಲೇ, ಗಾಜಿನ ಪೆಟ್ಟಿಗೆಯನ್ನು ದಾಟಿಯೇ ಒಳಗೆ ಹೋಗಬೇಕು. ತನ್ನ ಅಕ್ಕನ ಹೊಲಿಗೆಗೆ ಜನ ಟೋಪಿ ತೆಗೆದು ನಮಸ್ಕರಿಸುವುದನ್ನು ನೋಡಿಕೊಂಡು ಹೋದನಂತೆ.

ಒಳಗೆ ಮೂವರು ಕೂತಿದ್ದರು. ಇಬ್ಬರ ಹೊಚ್ಚ ಹೊಸ ಕೋಟುಗಳಿಗೆ ಬಲಕ್ಕೆ ಜೇಬು. ಮೂರನೆಯವರಿಗೆ ದರ್ಜಿ ಸಿಕ್ಕಿರಲಿಲ್ಲವೋ ಏನೋ, ಬಲ ಎದೆಗೆ ಕರವಸ್ತ್ರವನ್ನು ಪಿನ್ನಿನಲ್ಲಿ ಚುಚ್ಚಿಕೊಂಡಿದ್ದರು. ಲೆಕ್ಕ ಕೇಳಿದರು, ಹೇಳಿದ. ತೂಕದ ವಿಷಯ ಕೇಳಿದರು, ಹೇಳಿದ. ಸಹಿ ಹಾಕಿ ಎಂದರು. ಇಷ್ಟು ತಿಂಗಳು ಹಳೆಯ ಕೋಟಿನಲ್ಲಿ ಪಳಗಿದ ಅವನ ಎಡಗೈ ಸೀದಾ ಬಲ ಎದೆಗೆ ಹೋಯಿತು. ಅಲ್ಲಿ ಬರೀ ಬಟ್ಟೆ.

“ಎಡಕ್ಕಿದೆಯಲ್ಲಾ ನಿಮ್ಮ ಜೇಬು,” ಎಂದರಂತೆ ಪಿನ್ನಿನ ಮಹಾಶಯರು. ಎದ್ದು ಬಂದು ತೋಳಿನ ಬಟ್ಟೆಯನ್ನು ಬೆರಳಲ್ಲಿ ಹಿಂಡಿ ನೋಡಿದರಂತೆ. “ಹೊಸ ಉಣ್ಣೆ! ದೇಶಕ್ಕೆ ದೇಶವೇ ಕೋಟು ತಿರುಗಿಸಿಕೊಳ್ತಾ ಇರೋವಾಗ ಇವರಿಗೆ ಹೊಸ ಕೋಟು! ಇಂಥೋರಿಗೆ ಉಗ್ರಾಣ ಕೊಟ್ರೆ ಆಯ್ತು ಬಿಡಿ.”

ಆ ಜಾಗ ಗಿರಣಿ ಮಾಲೀಕನ ಮಗನಿಗೆ ಸಿಕ್ಕಿತು. ನನ್ನ ತಮ್ಮನನ್ನು ಬೀದಿಗೆ ತಳ್ಳಿದ ಅದೇ ಗಿರಣಿ. ಅವನ ಜೇಬು ಬಲಕ್ಕಿತ್ತು.

ನಾನು ಆವತ್ತು ಕತ್ತರಿಯನ್ನು ಗೋಡೆಗೆ ಎಸೆದೆ. ಗೋಡೆಗೆ ಏನೂ ಆಗಲಿಲ್ಲ, ಕತ್ತರಿಯ ಮೂತಿ ಬಾಗಿತು. ಸಾಣೆ ಹಿಡಿಸಲು ಬೀಗದವನ ಬಳಿಗೇ ಹೋಗಬೇಕಾಯಿತು. ಅವನು ಮುಖ ಎತ್ತಿ ನೋಡದೆ ಪುಕ್ಕಟೆ ಮಾಡಿಕೊಟ್ಟ.

ಶಿಬಿರಕ್ಕೆ ಜನ ಹಿಡಿಯುವ ಲಾರಿ ನಮ್ಮ ಬೀದಿಗೆ ಬರುವ ದಿನ ಹತ್ತಿರವಾಗುತ್ತಿತ್ತು. ಅವನು ತನ್ನ ಹಳೆಯ ಕೋಟನ್ನೇ ಚೀಲಕ್ಕೆ ತುಂಬಿಟ್ಟುಕೊಂಡ. ಬೂದು ಕೋಟನ್ನು ಅತ್ತೆಗೆ ಮರಳಿ ಕೊಟ್ಟ, ಅಲ್ಲಿ ಕಲ್ಲಿನ ಧೂಳಲ್ಲಿ ಹಾಳಾಗುತ್ತದೆ ಎಂದು. ಆ ಮಾತು ಕೇಳಿ ನನಗೆ ಅಳು ಬಂತು. ತನ್ನ ಎದೆಯ ಬಗ್ಗೆ ಅವನು ಒಂದು ಮಾತೂ ಆಡಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಸಂಪತ್ತು ಮಂಡಳಿಯ ಕಾರು ಬಂದು ನಿಂತಿತು, ಈ ಸಲ ಮುಂಬಾಗಿಲಿಗೇ. ಇಳಿದವನು ಸಾಹೇಬರ ಡ್ರೈವರು. ಹೊಟ್ಟೆ ಬೆನ್ನಿಗೆ ಅಂಟಿದ ಕಡ್ಡಿಯಂಥ ಮನುಷ್ಯ. ಅತ್ತೆ ಅವನನ್ನು ಕೆಳಗಿನಿಂದ ಮೇಲೆ ನೋಡಿ, “ಪಾಪ, ಇಳಿದು ಹೋಗಿದೀಯಪ್ಪಾ,” ಎಂದರು. ಅವನಿಗೆ ಅರ್ಥವಾಗಲಿಲ್ಲ. ಅವನು ತಂದ ಸುದ್ದಿಯೆಂದರೆ, ಮಂಡಳಿಯ ಸದಸ್ಯರೆಲ್ಲರಿಗೂ ಕೋಟು ಹೊಲಿಯಬೇಕು. ಹೊಸ ಬಟ್ಟೆ, ವಿದೇಶದಿಂದ ಬಂದ ಉಣ್ಣೆ. ಜೇಬು ಬಲಕ್ಕೆ. ಖರ್ಚು ಬೊಕ್ಕಸದಿಂದ.

“ತಿರುಗಿಸೋದಾ?” ಎಂದೆ.

“ಇಲ್ಲಮ್ಮ, ಹೊಸದು. ತಿರುಗಿಸಿದ ಹಾಗೆ ಕಂಡ್ರೆ ಸಾಕಂತೆ.”

ಬಟ್ಟೆಯನ್ನು ಅವನ ಮುಖಕ್ಕೆ ಎಸೆಯಬೇಕೆನ್ನಿಸಿತು. ಎಸೆಯಲಿಲ್ಲ. ಸರಕಾರಿ ಕೆಲಸ ಹಿಡಿದ ಅಂಗಡಿ ಒಬ್ಬ ಗಂಡಾಳನ್ನು ಇಟ್ಟುಕೊಳ್ಳಬಹುದು, ಅವನಿಗೆ ಶಿಬಿರವಿಲ್ಲ ಎಂದು ಕಾನೂನಿತ್ತು. ಮೆಲ್ಲಗೆ ಬಟ್ಟೆಯನ್ನು ಮೇಜಿನ ಮೇಲಿಟ್ಟು, “ಆಗ್ಲಪ್ಪಾ,” ಎಂದೆ. ಒಳಗೆ ಹೋಗಿ ತಮ್ಮನ ಚೀಲದಿಂದ ಹಳೆಯ ಕೋಟನ್ನು ಎಳೆದು ಹೊರಗೆ ಹಾಕಿದೆ. ಅವನಿಗೆ ಇಸ್ತ್ರಿಯನ್ನೂ ಕಚ್ಚಾ ಹೊಲಿಗೆಯನ್ನೂ ಕಲಿಸಿದೆ. ಬಡವರ ಜೇಬನ್ನು ದೊಡ್ಡವರ ಎದೆಗೆ ಹಚ್ಚುತ್ತ ನನ್ನ ತಮ್ಮ ಬದುಕಿಕೊಂಡ. ಇದಕ್ಕೆ ಸಂತೋಷಪಡಬೇಕೋ ಉಗಿಯಬೇಕೋ ನನಗೆ ಈಗಲೂ ತಿಳಿಯುವುದಿಲ್ಲ. ಆ ಚಳಿಗಾಲ ಎರಡನ್ನೂ ಮಾಡಿದೆ.

ಸಾಹೇಬರು ಅಳತೆ ನೋಡಲು ತಾವೇ ಬಂದರು. ಬೀದಿಯ ಜನ ಬಾಗಿಲಲ್ಲಿ ಮುಗಿಬಿದ್ದರು. ಎಲ್ಲರಿಗೂ ಕೈಯೆತ್ತಿ ಒಳಗೆ ಬಂದವರು, ನನ್ನ ಹೆಗಲು ತಟ್ಟುವಷ್ಟು ಹತ್ತಿರ ಬಂದು, “ಆವತ್ತು ಜೇಬು ಬದಲಾಯಿಸೋಕೆ ಮರೆತ್ರಲ್ಲಮ್ಮ,” ಎಂದು ಪಿಸುಗುಟ್ಟಿದರು. “ಒಳ್ಳೇದೇ ಆಯ್ತು ಬಿಡಿ.”

“ಹೌದು ಸಾರ್,” ಎಂದೆ, “ನಿಮಗೆ ಒಳ್ಳೇದಾಯ್ತು.”

ನನ್ನ ಬಾಯಲ್ಲಿ ಗುಂಡುಪಿನ್ನು ತುಂಬಿತ್ತು, ಇಲ್ಲದಿದ್ದರೆ ಇನ್ನೂ ಏನೇನು ಬರುತ್ತಿತ್ತೋ. ನನ್ನ ತಮ್ಮ ಬೂದು ಕೋಟು ತೊಟ್ಟು ಇಸ್ತ್ರಿ ಮೇಜಿನ ಬಳಿ ನಿಂತಿದ್ದ. ಕೆಲಸಕ್ಕೆ ಬರುವವನು ಅದನ್ನೇ ಹಾಕಬೇಕೆಂದು ಅತ್ತೆಯ ಅಪ್ಪಣೆ. ಹೊಸ ಕೋಟನ್ನು ಅವನೇ ತಂದು ಸಾಹೇಬರಿಗೆ ತೊಡಿಸಿದ, ಅವರು ತೊಟ್ಟು ಬಂದಿದ್ದ ಕೋಟಿನಲ್ಲಿದ್ದ ಕರವಸ್ತ್ರವನ್ನು ತೆಗೆದು ಬಲಗಡೆಯ ಜೇಬಿಗೆ ಮಡಚಿ ಇಟ್ಟ. ಸಾಹೇಬರು ಕನ್ನಡಿ ನೋಡಿಕೊಂಡರು. ಇಸ್ತ್ರಿ ಪೆಟ್ಟಿಗೆಯ ಕಾವಿಗೆ ಅವರ ಹಣೆ ಬೆವೆತಿತ್ತು. ಒರೆಸಿಕೊಳ್ಳಲು ಬಲಗೈ ಎಡ ಎದೆಗೆ ಹೋಯಿತು. ಬೆರಳು ಸವರಿದವು. ಮೇಲೆ ಹೋದವು, ಕೆಳಗೆ ಬಂದವು.

ನನ್ನ ತಮ್ಮ ಅವರ ಎಡಗೈಯ ಮಣಿಕಟ್ಟನ್ನು ಹಿಡಿದ. ಮೆಲ್ಲಗೆ ಎತ್ತಿ ಬಲಗಡೆಯ ಜೇಬಿನ ಮೇಲೆ ಇಟ್ಟ.

“ಈ ಕಡೆ ಸಾರ್,” ಎಂದ. “ಅಭ್ಯಾಸ ಆಗೋಕೆ ಸ್ವಲ್ಪ ದಿನ ಬೇಕು. ನಂಗೂ ಮೊದಲ ಸಲ ಹೀಗೇ ಆಗಿತ್ತು. ನಿಮ್ಮೆದುರಿಗೇ.”

ಸಾಹೇಬರು ಅವನ ಮುಖ ನೋಡಿದರು. ನೆನಪಾಯಿತೋ ಇಲ್ಲವೋ ನಾನರಿಯೆ. ಅತ್ತೆ ನೂಲನ್ನು ಹಲ್ಲಿನಲ್ಲಿ ಕಡಿದು ಅವರನ್ನೇ ದಿಟ್ಟಿಸಿದರು. ಬಾಗಿಲಲ್ಲಿದ್ದ ಜನ ಏನೋ ಮಾತು ಕೇಳಲು ಕಾದು ನಿಂತಿದ್ದರು. ಸಾಹೇಬರು ಕರವಸ್ತ್ರ ತೆಗೆದು ಹಣೆ, ಕತ್ತು, ಗಲ್ಲ ಒರೆಸಿಕೊಂಡರು. ಆಮೇಲೆ ಅದನ್ನು ಮಡಚಿ ಮತ್ತೆ ಎಡಗಡೆಗೇ ಇಡಲು ಹೋದರು.